ಯಾರೂ ನಂಬದ ಮನುಷ್ಯ

ಯಾರು ಬೇಕಾದರೂ ಒಳಗಿಣುಕಿ ನೋಡಬಹುದಾದ ಕ್ರಿಪ್ಟೋ ನಾಣ್ಯದ ತಂತ್ರಾಂಶಕ್ಕೆ ಹೊಸ ಆವೃತ್ತಿ ಕಟ್ಟುವವನನ್ನು ಗುರುತಿಸುವುದು ಸುಲಭ. ಅವನ ಚಹಾ ಆರಿರುತ್ತದೆ, ಗಡ್ಡ ಬೆಳೆದಿರುತ್ತದೆ, ಬಾಯಲ್ಲಿ ಸದಾ ‘ಇನ್ನೇನು ಮುಗೀತು’ ಎಂಬ ಮಾತಿರುತ್ತದೆ. ನಾನೂ ಆ ಪೈಕಿಯವನೇ. ಸಂಬಳವಿಲ್ಲ, ಮಾಡು ಎಂದವರೂ ಇಲ್ಲ. ಆದರೂ ಒಂದು ಅಲ್ಪವಿರಾಮ ತಪ್ಪಿದರೆ ಲೋಕವೇ ಮುಳುಗೀತು ಎಂಬಂತೆ ಹಜಾರದಲ್ಲಿ ಶತಪಥ ಹಾಕುತ್ತೇನೆ. ‘ಇದು ನಾನೇ ಕಟ್ಟಿದ್ದು’ ಎಂದು ಕಂಪ್ಯೂಟರಿನಲ್ಲಿ ಸಹಿ ಒತ್ತುವ ಮುಂಚೆ ಸೋಪು ಹಚ್ಚಿ ಕೈ ತೊಳೆಯುತ್ತೇನೆ. “ಮದುವೆ ದಿನಾನೂ ನಿಮಗೆ ಇಷ್ಟು ಗಾಬರಿ ಇರಲಿಲ್ಲ” ಎನ್ನುತ್ತಾಳೆ ಹೆಂಡತಿ. ನಾನು ಕಟ್ಟಿದ್ದನ್ನೇ, ನಾನೆಂದೂ ಮುಖ ನೋಡದ ಗೆಳೆಯರು ತಮ್ಮ ತಮ್ಮ ಕಂಪ್ಯೂಟರುಗಳಲ್ಲಿ ಮತ್ತೆ ಕಟ್ಟಿ, ನಾನು ಕದ್ದುಮುಚ್ಚಿ ಏನನ್ನೂ ಸೇರಿಸಿಲ್ಲ, ಒಂದಕ್ಷರವೂ ಬೇರೆಯಾಗಿಲ್ಲವೆಂದು ತಾಳೆ ನೋಡುತ್ತಾರೆ. ನನ್ನ ಮಾತನ್ನು ಯಾರೂ ನಂಬುವುದಿಲ್ಲ ಎಂಬುದೇ ನನ್ನ ಹೆಮ್ಮೆ. ನೆಂಟರ ಮನೆಯಲ್ಲೂ ಅದನ್ನೇ ಕೊಚ್ಚಿಕೊಂಡು, ಅವರು ಮೆಲ್ಲಗೆ ಟಿವಿ ಕಡೆ ತಿರುಗುವಂತೆ ಮಾಡಿದ್ದೇನೆ. ಈ ಸಲವೂ ಎಲ್ಲರ ತಾಳೆ ಸರಿಬಂತು. ಬಿಡುಗಡೆ ಮಾಡಿ ಎದೆಯುಬ್ಬಿಸಿಕೊಂಡು ಹೊರಬಂದರೆ, ಹೊಲಿಗೆಯಲ್ಲಿ ಉಳಿಸಿದ್ದನ್ನೆಲ್ಲ ಆ ನಾಣ್ಯದಲ್ಲೇ ಇಟ್ಟಿರುವ ನಮ್ಮತ್ತೆ, ಹೊಸ ಆವೃತ್ತಿಯನ್ನು ಆಗಲೇ ತಮ್ಮ ಲ್ಯಾಪ್‌ಟಾಪಿಗೆ ಹಾಕಿಕೊಂಡಿದ್ದರು. “ತಾಳೆ ನೋಡಿ ಹಾಕ್ಕೊಂಡ್ರಾ ಅತ್ತೆ?” ಎಂದೆ. ಅವರು ಸೂಜಿಗೆ ದಾರ ಪೋಣಿಸುತ್ತಲೇ, “ನೀವು ಮಾಡಿದ್ದು ತಾನೇ, ನೋಡೋದೇನಿದೆ?” ಎಂದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಇಡೀ ತಂತ್ರಾಂಶವನ್ನು ಮೊದಲ ಸಾಲಿನಿಂದ ಮತ್ತೆ ಓದತೊಡಗಿದೆ.