ಮೂರು ಸರ್ವರ್, ಒಬ್ಬ ವರ

ನಮ್ಮ ಶಿವುನ ಎದುರಿಗೇ ಕೂತು, ಅವನು ತರಿಸಿದ ಚಹಾ ಕುಡಿಯುತ್ತಾ, ಅವನು ಅಲ್ಲಿಲ್ಲವೆಂದು ಹಿರಿಯರೊಬ್ಬರು ತೀರ್ಮಾನಿಸಿದರು. ನಾನೇ ಸಾಕ್ಷಿ.

ಶಿವು ನನ್ನ ತಂಗಿಯ ಮಗ. ಕೂಡ್ಲಿಗಿಯಲ್ಲಿ ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಕಂಪನಿಯೊಂದರ ಇಂಟರ್ನೆಟ್ ಫೋನುಗಳನ್ನು ನೋಡಿಕೊಳ್ಳುತ್ತಾನೆ. ಕರೆಗಳು ಜಾಸ್ತಿಯಾಗಿ, ಅವನ್ನು ನಿಭಾಯಿಸುವ ಕಂಪ್ಯೂಟರ್, ಅಂದರೆ ಇದ್ದೊಂದು ಸರ್ವರ್, ಏದುಸಿರು ಬಿಟ್ಟಾಗ ಕೊಟ್ಟೂರಿನ ಶಾಖೆಗೊಂದು, ಹಡಗಲಿಯ ಶಾಖೆಗೊಂದು ಹೊಸದು ಕೂರಿಸಿದ. ನಂಬರ್ ಒಂದೇ. ಬಿಡುವಿದ್ದ ಸರ್ವರ್ ಕರೆ ಎತ್ತಿಕೊಂಡು, ಕೇಳಿದವರು ಇದ್ದಾರೋ ಇಲ್ಲವೋ ಎಂದು ತನ್ನ ಪಟ್ಟಿ ನೋಡಿ ಹೇಳುತ್ತದೆ. (ನಮ್ಮ ಮನೆಯಲ್ಲಿ ಫೋನ್ ಎಷ್ಟು ಬಡಿದುಕೊಂಡರೂ ಯಾರಿಗೂ ಬಿಡುವಿರುವುದಿಲ್ಲ!)

ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಗಿರಾಕಿಯ ಸೋಗಿನಲ್ಲಿ ಹುಡುಗನ ಆಫೀಸಿಗೆ ಫೋನ್ ಮಾಡಿ ವಿಚಾರಿಸುವುದುಂಟು. ಮಾಗಳದ ಹಾಲಪ್ಪನವರೂ ಮಾಡಿದರು. ಅವರ ಮಗಳ ಫೋಟೊ ನೋಡಿದ ಮೇಲೆ ಶಿವುಗೆ ಊಟವೇ ರುಚಿಸುತ್ತಿರಲಿಲ್ಲ.

"ಶಿವು ಇನ್ನೊಂದು ಕರೆಯಲ್ಲಿದ್ದಾರೆ" ಎಂದಿತು ಫೋನು. ಸಂಜೆಯವರೆಗೂ ಅದೇ. ಮರುದಿನ, "ಶಿವು ಕೆಲಸ ಬಿಟ್ಟಿದ್ದಾರೆ." ಗಾಬರಿಯಾಗಿ ಮತ್ತೆ ಮಾಡಿದರೆ ಶಿವುನೇ ಎತ್ತಿದ!

"ಕೆಲ್ಸ ಬಿಟ್ಟಾವ ದಿನಪೂರ್ತಿ ಯಾರ ಜೊತಿ ಮಾತಾಡ್ತಾನ್ರಿ?" ಎನ್ನುತ್ತಾ ಹಾಲಪ್ಪ ಆಫೀಸಿಗೇ ಬಂದರು. ಸುದ್ದಿ ತಿಳಿದ ತಂಗಿ ನನ್ನನ್ನು ಅಲ್ಲಿಗೆ ಓಡಿಸಿದಳು.

ಶಿವು ಬೆವರುತ್ತಿದ್ದ. "ನಾನು ಮೊದ್ಲು ಕೊಟ್ಟೂರಾಗ ಇದ್ದೆರಿ. ಇಲ್ಲಿಗೆ ಬಂದೆ ಅಂತ ಅಲ್ಲಿಯವ್ರು ಮೊನ್ನಿ ನನ್ನ ಹೆಸರು ಅಳಿಸ್ಯಾರ. ಹಡಗಲಿ ಸರ್ವರ್‌ಗೆ ಯಾವುದೋ ಹಳೇ ಕರೆ ಮುಗಿದದ್ದ ಗೊತ್ತಾಗಿಲ್ಲ. ಮೂರೂ ಒಂದಕ್ಕೊಂದು ಮಾತು ಬಿಟ್ಟಾವ್ರಿ."

"ಹಂಗಾರ ರಾಜಿ ಮಾಡ್ಸಪ್ಪ. ಮೂರೂ ಒಂದ ಮಾತು ಹೇಳ್ಲಿ, ಆಮ್ಯಾಲೆ ನಿಶ್ಚಯ."

"ಹುಡುಗ ಎದುರಿಗೇ ಅದಾನಲ್ರಿ!" ಎಂದೆ.

"ಎದುರಿಗೆ ಯಾರ್ ಬೇಕಾದ್ರೂ ಕುಂದರ್ತಾರ್ರಿ" ಎಂದರು ಹಾಲಪ್ಪ.

ಇದಕ್ಕೆ ಏನು ಹೇಳುತ್ತೀರಿ?

ಶಿವು ಟಕಟಕ ಕಂಪ್ಯೂಟರಿನ ಕೀಲಿಗಳನ್ನು ಒತ್ತಿದ. ಎಲ್ಲಕ್ಕಿಂತ ಕೊನೆಗೆ ಬರೆದದ್ದನ್ನೇ ಖರೆ ಎಂದು ಮೂರೂ ಒಪ್ಪಬೇಕೆಂದು ಅಪ್ಪಣೆ ಕೊಟ್ಟ. ಒಪ್ಪಿದವು. ಹಾಲಪ್ಪ ಬಿಡದೆ ಮೂರು ಸಲ ಡಯಲ್ ಮಾಡಿದರು. ಮೂರು ಸಲವೂ ಒಂದೇ ಉತ್ತರ: "ಶಿವು ಕೆಲಸ ಬಿಟ್ಟಿದ್ದಾರೆ." ಕೊನೆಯದಾಗಿ ಬರೆದದ್ದು ಕೊಟ್ಟೂರಿನವರು ಹೆಸರು ಅಳಿಸಿದ್ದೇ ಆಗಿತ್ತು!

"ಈಗ ಬಗೀಹರೀತು ನೋಡ್ರಿ" ಎಂದು ಹಾಲಪ್ಪ ಎದ್ದು ಹೊರಟರು. ಚಹಾ ಮಾತ್ರ ಒಂದು ಹನಿ ಉಳಿಸಿರಲಿಲ್ಲ.

ಸಂಜೆ ಶಿವುನ ಮೊಬೈಲ್ ಬಡಿಯಿತು. ಮಾಗಳದ ಹುಡುಗಿ! (ಸ್ಪೀಕರ್ ಹಾಕಿಸಿದ್ದು ನಾನೇ.)

"ಕೆಲ್ಸ ಬಿಟ್ಟೀರಂತಲ್ಲ? ಹಂಗಾರ ನಾಳಿ ನಮ್ಮನಿಗೆ ಬರಾಕ ಪುರಸೊತ್ತು ಐತಿಲ್ಲ?"