ಟಿಕೀಟು ಅಕ್ಕನ ಕೈಗೇ ಕೊಡಿ

ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕನನ್ನು ತಿಕೋಟಾದ ಮಂದಿ ನನ್ನ ತಂಗಿ ಮಾಡಿಬಿಟ್ಟಿದ್ದಾರೆ. ಗೊತ್ತಿಲ್ಲದವರಷ್ಟೇ ಅಲ್ಲ, ಆಕೆಯ ತೊಟ್ಟಿಲಿಗೆ ಬಂದು ಉಂಡು ಹೋದ ಓಣಿಯ ಹೆಂಗಸರೂ ನನ್ನನ್ನು ನಿಲ್ಲಿಸಿ, "ತಂಗಿ ಕೈ ಬಿಡಬ್ಯಾಡ ಬೇ" ಅನ್ನುತ್ತಾರೆ. ಅಕ್ಕನಿಗೆ ಡೌನ್ ಸಿಂಡ್ರೋಮ್ ಇದೆ. ಮಾತು ತುಸು ತೊದಲುತ್ತದೆ, ಹೊಸದನ್ನು ಕಲಿಯಲು ಹೆಚ್ಚು ದಿನ ಬೇಕು. ಆದರೆ ಅದರಿಂದ ವಯಸ್ಸು ಹಿಂದಕ್ಕೆ ಓಡುತ್ತದೆ ಎಂದು ಯಾವ ಡಾಕ್ಟರೂ ಹೇಳಿದ್ದು ನನಗೆ ನೆನಪಿಲ್ಲ. ಆಕೆಗೀಗ ಇಪ್ಪತ್ತಾರು.

ಸಾಲಿಗೆ ಸೇರಿಸಿಕೊಳ್ಳಲು ನಾಲ್ಕು ವರ್ಷ ಸತಾಯಿಸಿದರು. ಕೊನೆಗೆ ನನ್ನ ಜೊತೆಗೇ ಒಂದನೇ ಇಯತ್ತೆಗೆ ಹಾಕಿಕೊಂಡರು. ಹೀಗಾಗಿ ನಮ್ಮಿಬ್ಬರದೂ ಒಂದೇ ಬೆಂಚು. ಮೂರನೇ ಇಯತ್ತೆಯ ಪರೀಕ್ಷೆಯ ದಿನ ಗುರುಗಳು ಪ್ರಶ್ನೆಪತ್ರಿಕೆ ಹಂಚುತ್ತ ಬಂದರು. ನನಗೊಂದು ಕೊಟ್ಟರು. ಅಕ್ಕನನ್ನು ದಾಟಿ ಹಿಂದಿನವಳಿಗೆ ಕೊಟ್ಟರು. ಅಕ್ಕ ಕೈ ಚಾಚಿಕೊಂಡೇ ಇದ್ದಳು.

"ನಿನಗ್ಯಾಕವ್ವಾ? ನಿನ್ನ ಹೆಂಗೂ ಪಾಸ್ ಮಾಡತೀವಿ."

ಎಷ್ಟು ಪ್ರೀತಿಯಿಂದ ಅಂದರು! ನಾನು ದೊಡ್ಡ ಉಪಕಾರ ಮಾಡುವವಳಂತೆ ನನ್ನ ಪತ್ರಿಕೆಯನ್ನು ನಮ್ಮಿಬ್ಬರ ನಡುವೆ ಇಟ್ಟೆ. ಅಕ್ಕ ಅದನ್ನು ನನ್ನ ಕಡೆಗೇ ದೂಡಿದಳು. ಇಕಿಗೆ ಸೊಕ್ಕು ಅಂದುಕೊಂಡೆ. ಇವತ್ತು ಕೇಳಬೇಕೆನಿಸುತ್ತದೆ: ಒಂದೂ ಪ್ರಶ್ನೆ ಕೇಳದೆ ಏಳು ವರ್ಷ ಪಾಸು ಮಾಡಿದಿರಲ್ಲ, ಅಷ್ಟೂ ವರ್ಷ ಪರೀಕ್ಷೆ ತಪ್ಪಿಸಿಕೊಂಡವರು ಯಾರು, ಆಕೆಯೋ ನೀವೋ?

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗಿಯಾದೆ. ಬಬಲೇಶ್ವರದ ಒಂದು ಸ್ಪರ್ಧೆಯಲ್ಲಿ ಇದೇ ವಿಷಯ ಬಂತು, ಎಲ್ಲ ಮಕ್ಕಳೂ ಒಂದೇ ಸಾಲಿಯಲ್ಲಿ ಕಲಿಯಬೇಕೋ ಬೇಡವೋ ಎಂದು. ನಾನು ಬೇಕು ಎಂದು ವಾದಿಸಿ ಗೆದ್ದೆ. ಕಪ್ಪು ಕೊಡುತ್ತ ತೀರ್ಪುಗಾರರು ನನ್ನ ಕಿವಿಯ ಹತ್ತಿರ ಬಾಗಿ, "ಭಾಳ ಚೊಲೋ ಮಾತಾಡಿದಿ ಯವ್ವಾ. ಆದ್ರ ಪ್ರ್ಯಾಕ್ಟಿಕಲ್ಲಾಗಿ ನೋಡಿದ್ರ..." ಅಂದು ನಿಲ್ಲಿಸಿದರು. ಈ ವಾಕ್ಯವನ್ನು ಪೂರ್ತಿ ಮಾಡಿದ ಗಂಡಸನ್ನಾಗಲಿ ಹೆಂಗಸನ್ನಾಗಲಿ ನಾನು ಈವರೆಗೆ ಕಂಡಿಲ್ಲ. ಪೂರ್ತಿ ಮಾಡಿದರೆ ಅದು ವಾದವಾಗುತ್ತದೆ, ವಾದಕ್ಕೆ ಉತ್ತರ ಇರುತ್ತದೆ. ಅದಕ್ಕೇ ಅರ್ಧಕ್ಕೆ ಬಿಟ್ಟು ನಗುತ್ತಾರೆ.

ಹೋದ ವರ್ಷ ವಿಜಯಪುರದ ಜಲನಗರದಲ್ಲಿ ಅಕ್ಕನಂಥವರಿಗೆ ದಿನದ ಬದುಕು ಕಲಿಸುವ ಒಂದು ಸಣ್ಣ ಕೇಂದ್ರ ಇದೆಯೆಂದು ಗೊತ್ತಾಯಿತು. ಚಹಾ ಮಾಡಿ ಗ್ಯಾಸು ಬಂದ್ ಮಾಡುವುದು, ಅಂಗಡಿಯಲ್ಲಿ ಬೇಕಾದ್ದನ್ನು ಕೇಳಿ ತರುವುದು, ಫೋನು ಹಚ್ಚುವುದು, ಬಸ್ಸು ಹತ್ತುವುದು. ಅಲ್ಲಿನ ಟೀಚರಿಗೆ ಒಂದೇ ನೇಮ: "ಸಹಾಯ ಮಾಡೂಕಿಂತ ಮೊದಲ ಮನಸಿನಾಗ ಹತ್ತು ಎಣಿಸ್ರಿ. ಒಂಬತ್ತಕ್ಕ ಅವರ ಮಾಡಿರ್ತಾರ." ನಾಲ್ಕು ತಿಂಗಳು ನಾನೇ ಕರೆದುಕೊಂಡು ಹೋಗಿ ಬಂದೆ. ಆಮೇಲೆ ಅಕ್ಕ ಒಬ್ಬಳೇ ಹೋಗುತ್ತೇನೆಂದು ಹಟ ಹಿಡಿದಳು.

ಅವ್ವ ಒಣದ್ರಾಕ್ಷಿ ಶೆಡ್ಡಿನಲ್ಲಿ ಕಡ್ಡಿ ಆರಿಸುವ ಕೆಲಸ ಮಾಡುತ್ತಾಳೆ. ಸಂಜೆ ಬಂದು ಕೈಗೆ ಅಂಟಿದ ಜಿಗಟು ತೊಳೆಯುತ್ತ ಅಂದಳು: "ದಾರಿ ತಪ್ಪತಾಳಂತ ನನಗ ಅಂಜಿಕಿಲ್ಲ. ಯಾರರ ಕುಂಡ್ರು ಅಂದ್ರ ಕುಂಡ್ರತಾಳ, ಬಾ ಅಂದ್ರ ಹೋಗತಾಳ. ಅದಕ್ಕ ಅಂಜತೀನಿ."

ಕಡೆಗೆ ಒಂದು ಕರಾರಾಯಿತು. ಎಂಟು ದಿನ ನಾನು ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು. ಅಕ್ಕ ತಾನೇ ವಿಜಯಪುರ ಸ್ಟ್ಯಾಂಡಿನಲ್ಲಿ ಇಳಿದು, ಕಾಯುವ ಟೀಚರಿನ ಸ್ಕೂಟಿ ಹತ್ತಬೇಕು. ಎಂಟೂ ದಿನ ಸರಿಯಾದರೆ ಒಂಬತ್ತನೇ ದಿನ ಒಬ್ಬಳನ್ನೇ ಬಿಡುವುದು. ನಡುವೆ ನಾನು ಬಾಯಿ ತೆಗೆಯಬೇಕಾದ ಪ್ರಸಂಗ ಬಂದರೆ ಜಲನಗರ ಬಂದ್.

ಆರು ದಿನ ಹೂವು ಎತ್ತಿದಂತೆ ಕಳೆದವು. ಆಧಾರ್ ಕಾರ್ಡು ತೋರಿಸುವುದು, "ವಿಜಯಪುರ ಒಂದು ಕೊಡ್ರಿ" ಅನ್ನುವುದು, ಹೆಂಗಸರ ಫ್ರೀ ಟಿಕೀಟು ತೆಗೆದುಕೊಂಡು ಪರ್ಸಿನಲ್ಲಿಡುವುದು. ಆರು ಟಿಕೀಟುಗಳನ್ನೂ ಅಕ್ಕ ಒಂದರ ಮೇಲೊಂದು ಜೋಡಿಸಿ ಇಟ್ಟುಕೊಂಡಿದ್ದಳು.

ಏಳನೇ ದಿನ ಬೇರೆ ಕಂಡಕ್ಟರು. ಬಸ್ಸು ಕಿಕ್ಕಿರಿದಿತ್ತು. ಅಕ್ಕ ಕಂಬ ಹಿಡಿದು ಕಾರ್ಡು ಚಾಚಿದಳು. ಆತ ಅದನ್ನು ನೋಡಲೂ ಇಲ್ಲ. ಇಪ್ಪತ್ತಾರರ ಹೆಂಗಸಿನ ತಲೆ ಸವರಿದ!

"ಕುಂಡ್ರು ಪುಟ್ಟಿ, ನಿನಗ್ಯಾವ ಟಿಕೀಟ? ಏ, ಆ ಕೂಸಿಗೆ ಜಾಗಾ ಬಿಡ್ರಿ."

ಒಬ್ಬ ಎದ್ದು ಜಾಗ ಬಿಟ್ಟ. ಅಕ್ಕ ಕೂರಲಿಲ್ಲ. "ಟಿಕೀಟ ಕೊಡ್ರಿ," ಅಂದಳು.

"ದೇವರಂಥಾ ಕೂಸು ನೀ. ಬ್ಯಾಡ."

"ಹೆಂಗಸರಿಗಿ ಫ್ರೀ ಆತು, ಈಗ ದೇವರಿಗೂ ಫ್ರೀ ನೋಡಪಾ," ಎಂದು ಯಾರೋ ನಗಿಸಿದರು. ಬುಟ್ಟಿ ಹಿಡಿದ ಮುದುಕಿಯೊಬ್ಬಳು, "ಕುಂಡ್ರ ನನ್ನವ್ವಾ, ಬಿದ್ದೀದಿ," ಎಂದು ಸೆರಗು ಜಗ್ಗಿದಳು. ಅಕ್ಕ ಹಾದಿಗಡ್ಡ ನಿಂತೇ ಇದ್ದಳು. ಕಂಡಕ್ಟರಿಗೆ ಹಿಂದೆ ಬರಲು ದಾರಿಯಿಲ್ಲ. ದೇವರ ಕೂಸಿನ ಮೇಲಿದ್ದ ಭಕ್ತಿ ಒಂದೇ ನಿಮಿಷದಲ್ಲಿ ಇಳಿಯಿತು.

"ಯಾರ್ರೀ ಇಕಿ ಸಂಗಟ ಬಂದವರು? ಹಿಡ್ಕೋರಿ ಇಕಿನ್ನ!"

ನಾನು ಎಣಿಸುತ್ತಿದ್ದೆ. ಆರರವರೆಗೆ ಬಂದಿದ್ದೆ. ಏಳು ಬರಲಿಲ್ಲ, ನಾನೇ ಎದ್ದು ಮಂದಿಯ ನಡುವೆ ನುಗ್ಗಿ ಅಕ್ಕನ ಪಕ್ಕ ನಿಂತೆ.

"ಆ ಕಾರ್ಡಿನ್ಯಾಗ ಹುಟ್ಟಿದ ವರ್ಷ ಐತಿ, ಓದ್ರಿ. ನಿಮ್ಮ ಮನಿ ಹೆಂಗಸರ ತಲಿ ಹಿಂಗ ಯಾರರ ಸವರಿದ್ರ ಸುಮ್ಮ ಇರತೀರೇನ್ರಿ? ಚೆಕಿಂಗದವರು ಹತ್ತಿ ಟಿಕೀಟ ಎಲ್ಲಿ ಅಂದ್ರ ಯಾವ ದೇವರು ಬರತಾನ್ರಿ ಸಾಕ್ಷಿ ಹೇಳಾಕ? ಕೊಡೂದು ನಿಮ್ಮ ಕೆಲಸ, ಕೇಳೂದು ಆಕಿ ಹಕ್ಕ. ನಡುವ ನಿಮ್ಮ ಕರುಣಾ ಯಾರು ಕೇಳ್ಯಾರ?"

ನಗು ನಿಂತಿತು. "ಖರೇ ಐತಿ," ಎಂದು ಮುದುಕಿಯೂ ಪಕ್ಷ ಬದಲಿಸಿದಳು. ಕಂಡಕ್ಟರನ ಮುಖ ಕೆಂಪಾಯಿತು. ಮಷೀನಿನಿಂದ ಎರಡು ಟಿಕೀಟು ಹರಿದು, ಎರಡನ್ನೂ ನನ್ನ ಕೈಯಲ್ಲಿಟ್ಟ. "ತಗೋ ಯವ್ವಾ, ನಿಮ್ಮಿಬ್ಬರದೂ. ತಂಗಿನ್ನ ಹಿಡ್ಕೋ."

ಗೆದ್ದಿದ್ದೆ ನಾನು. ಬಬಲೇಶ್ವರದಲ್ಲಿ ಗೆದ್ದಂತೆಯೇ. ಬೀಗುತ್ತ ಒಂದು ಟಿಕೀಟನ್ನು ಅಕ್ಕನಿಗೆ ಚಾಚಿದೆ. ಅಕ್ಕ ಅದರ ಕಡೆ ಕಣ್ಣೂ ಹಾಯಿಸಲಿಲ್ಲ. ಆಕೆಯ ಕೈ ಇನ್ನೂ ಕಂಡಕ್ಟರನ ಕಡೆಗೇ ಇತ್ತು.

"ನನಗ ಕೊಡ್ರಿ."

"ಕೊಟ್ಟೇನಲ್ಲ ನಿಮ್ಮಕ್ಕನ ಕೈಯಾಗ!"

"ಇಕಿ ಅಲ್ಲ. ನಾ ಅಕ್ಕ. ನನಗ ಕೊಡ್ರಿ."

ಆ ಬೆಂಚು ನೆನಪಾಯಿತು. ನಡುವೆ ಇಟ್ಟ ಪ್ರಶ್ನೆಪತ್ರಿಕೆ, ಅದನ್ನು ನನ್ನ ಕಡೆಗೆ ದೂಡಿದ ಕೈ. ಇಷ್ಟು ವರ್ಷ ವಾದ ಮಾಡುವುದನ್ನು ಕಲಿತ ನಾನು ಇದೊಂದನ್ನು ಕಲಿತಿರಲಿಲ್ಲ. ಚಾಚಿದ ಕೈಯನ್ನು ದಾಟಿ ಹೋದವರು ಗುರುಗಳು ಮತ್ತು ಕಂಡಕ್ಟರು ಇಬ್ಬರೇ ಅಲ್ಲ.

ಕಂಡಕ್ಟರು ನನ್ನ ಬೆರಳಿನಿಂದ ಟಿಕೀಟು ಕಿತ್ತುಕೊಂಡು ಅಕ್ಕನ ಅಂಗೈಯಲ್ಲಿಟ್ಟ. ಆಕೆ ನೋಡಿ, ಮಡಚಿ, ಪರ್ಸಿನಲ್ಲಿಟ್ಟು, "ಥ್ಯಾಂಕ್ಸ್ ರಿ" ಅಂದು ಕೂತಳು. ವಿಜಯಪುರ ಬರುವವರೆಗೆ ನನ್ನ ಕಡೆ ತಿರುಗಲಿಲ್ಲ.

ಸಂಜೆ ಅವ್ವ ಬರುವ ಹೊತ್ತಿಗೆ ನಾನು ವಾದ ಸಿದ್ಧ ಮಾಡಿಕೊಂಡಿದ್ದೆ. ಅಕ್ಕ ನನಗಿಂತ ಮೊದಲೇ ಬಾಯಿ ಬಿಟ್ಟಳು.

"ಇಕಿ ಮಾತಾಡಿದ್ಲು ಬೇ."

ಅವ್ವ ನನ್ನನ್ನು ನೋಡಿದಳು. "ಎಷ್ಟು?"

"ಸ್ವಲ್ಪ," ಅಂದೆ.

"ಭಾಳ," ಅಂದಳು ಅಕ್ಕ.

"ಕರಾರು ಮುರದದ್ದು ನಾ ಬೇ," ಎಂದು ಶುರುಮಾಡಿದೆ. "ಆಕಿಗ್ಯಾಕ ಶಿಕ್ಷಾ? ಕುಂಡ್ರು ಅಂದ್ರ ಕುಂಡ್ರತಾಳ ಅಂದಿದ್ದಿ. ಇಡೀ ಬಸ್ಸ ಕುಂಡ್ರು ಅಂತು..."

ಅವ್ವ ಕೈಯೆತ್ತಿ ನನ್ನನ್ನು ಸುಮ್ಮನಾಗಿಸಿದಳು. ಅಕ್ಕನ ಕಡೆ ತಿರುಗಿದಳು. "ಕುಂತಿ?"

"ಇಲ್ಲ."

"ಯಾಕ?"

"ಟಿಕೀಟ ಕೊಟ್ಟಿರಲಿಲ್ಲ."

ಅವ್ವ ಪರ್ಸು ಇಸಿದುಕೊಂಡು ಏಳನೇ ಟಿಕೀಟನ್ನು ಬೆಳಕಿಗೆ ಹಿಡಿದಳು. ಅವಳಿಗೆ ಓದಲು ಬರುವುದಿಲ್ಲ. ಬಹಳ ಹೊತ್ತು ನೋಡಿ, ಮಡಚಿ, ಅಕ್ಕನ ಕೈಗೇ ಕೊಟ್ಟಳು.

"ನಾಳೆ ನೀ ಒಬ್ಬಾಕಿನ ಹೋಗು," ಅಂದಳು. ನನಗೆ ಅಂದಳು: "ನೀ ಮನ್ಯಾಗ ಕುಂತು ಹತ್ತು ಎಣಸೂದು ಕಲಿ."

ಮರುದಿನ ನಾನು ತಿಕೋಟಾ ಸ್ಟ್ಯಾಂಡಿನವರೆಗೂ ಹೋದೆ, ಚಹಾ ಅಂಗಡಿಯ ಮರೆಯಲ್ಲಿ ನಿಂತೆ. ಬಸ್ಸು ಬಂತು. ಅಕ್ಕ ಹತ್ತಿ, ಕಿಟಕಿಯಿಂದ ನನ್ನನ್ನು ಕಂಡಳು. ಕೈ ಬೀಸಿದಳು. ಹೋಗಿ ಬರುತ್ತೇನೆ ಅನ್ನುವ ಕೈಯಲ್ಲ ಅದು. ನಡಿ ನಡಿ, ಮನಿಗಿ ನಡಿ ಅನ್ನುವ ಕೈ.