ರೋಸ್ವಿಟಾ ಬಾರಿಸುವ ಏಳು ಪೆಟ್ಟು

ಭಾನುವಾರ, ಬೆಳಗಿನ ಆರು ಗಂಟೆ. ಜರ್ಮನಿಯ ವೈಡನ್‌ರೋಡ ಊರಿನ ಚರ್ಚಿನ ಗೋಪುರದಲ್ಲಿ ರೋಸ್ವಿಟಾ ಕ್ನೌಟ್ ಕಾಗೆಗಳ ಹಿಕ್ಕೆ ಕೆರೆಯುತ್ತಿದ್ದಾರೆ. ಬಾಯಿ ಸುಮ್ಮನಿಲ್ಲ. "ಗಲೀಜು ಮಾಡೋದು ನೀವು, ಬಳಿಯೋದು ನಾನು. ಹೋಗಿ, ಆಡಳಿತ ಮಂಡಳಿ ಸೇರ್ಕೊಳ್ಳಿ. ಅಲ್ಲಿರೋರೆಲ್ಲ ನಿಮ್ಮಂಥೋರೇ!"

ಅರವತ್ಮೂರರ ಈ ಹೆಂಗಸು ಇಪ್ಪತ್ತೇಳು ವರ್ಷಗಳಿಂದ ಈ ಚರ್ಚನ್ನು ನೋಡಿಕೊಳ್ಳುತ್ತಿದ್ದಾರೆ. ದಿನಕ್ಕೆರಡು ಸಲ ತೊಂಬತ್ತನಾಲ್ಕು ಮೆಟ್ಟಿಲು ಹತ್ತಿ ಇಳಿಯಬೇಕು, ನಲವತ್ತೊಂದು ಬೆಂಚು ಒರೆಸಬೇಕು. ಹುಡುಗಿಯಾಗಿದ್ದಾಗ ಡಾಕ್ಟರಾಗುವ ಆಸೆಯಿತ್ತು. ಆದರೆ ಅದು ಹದಿನಾಲ್ಕು ತುಂಬಿದ ಮಕ್ಕಳು ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕಿದ್ದ ಕಾಲ. ಗಂಟೆ ಬಾರಿಸುವವನ ಮಗಳು ಮಾಡಲಿಲ್ಲ; ಮುಂದಿನ ಓದು ಅಲ್ಲಿಗೇ ನಿಂತಿತು. ಹೆಣಿಗೆ ಗಿರಣಿ ಸೇರಿದರು. ಬರ್ಲಿನ್ ಗೋಡೆ ಬಿದ್ದ ಮೇಲೆ ಗಿರಣಿಯೂ ಮುಚ್ಚಿತು. ಕೊನೆಗೆ ಅಪ್ಪ ಹಿಡಿದ ಹಗ್ಗವನ್ನೇ ಹಿಡಿದರು.

ಆ ಹಗ್ಗದ ಕೆಲಸ ಇಷ್ಟೇ. ಚರ್ಚಿನೊಳಗೆ ಜನ 'ನಮ್ಮ ತಂದೆಯೇ' ಎಂದು ಪ್ರಾರ್ಥನೆ ಶುರುಮಾಡಿದಾಗ, ಅದರ ಏಳು ಬೇಡಿಕೆಗಳಿಗೆ ಏಳು ಪೆಟ್ಟು. ಹಾಸಿಗೆ ಹಿಡಿದವರು ಅದನ್ನು ಕೇಳಿ ಮನೆಯಿಂದಲೇ ಎಲ್ಲರ ಜೊತೆ ದನಿಗೂಡಿಸುತ್ತಾರೆ.

ಐನೂರು ವರ್ಷದ ಹಿಂದೆ ಈ ಸೀಮೆಯ ಕೋಟೆಯೊಂದರಲ್ಲಿ ವೇಷ ಮರೆಸಿಕೊಂಡು ಕೂತು, ಬೈಬಲ್ಲಿನ ಹೊಸ ಒಡಂಬಡಿಕೆಯನ್ನು ಕೆಲವೇ ವಾರಗಳಲ್ಲಿ ಜನರ ಮಾತಿಗೆ ತಂದವನು ಮಾರ್ಟಿನ್ ಲೂಥರ್. ಸನ್ಯಾಸಿಯ ಜಪಕ್ಕಿಂತ ಮನೆಗೆಲಸದವಳ ಗುಡಿಸುವಿಕೆ ಒಂದು ಕೂದಲೂ ಕಡಿಮೆಯಲ್ಲವೆಂದು ಸಾರಿ, ಪಾದ್ರಿಗಳ ದರ್ಬಾರನ್ನು ನಡುಗಿಸಿದವನು. ಈಗ ಅವನ ಹೆಸರಲ್ಲಿ ಬೀದಿಯಿದೆ, ಬಿಯರಿದೆ, ಕಾಲುಚೀಲವೂ ಇದೆ. ಗುಡಿಸುವವಳ ಮಾತು ಕೇಳುವವರು ಮಾತ್ರ ಇಲ್ಲ. ನಾಚಿಕೆಗೇಡು!

ಎರಡು ವಾರದ ಹಿಂದಿನ ಲೂಥರ್ ಹಬ್ಬಕ್ಕೆಂದು ಚರ್ಚಿನ ಮಂಡಳಿಯ ಅಧ್ಯಕ್ಷ ಗೆರ್ನೋಟ್ ಶೆಲ್‌ಹಾರ್ನ್ ಗಂಟೆಗೊಂದು ಯಂತ್ರ ಹಾಕಿಸಿದರು. ಪ್ರಾರ್ಥನೆ ಶುರುವಾಗುವ ಹೊತ್ತೆಂದು, ಸರಿಯಾಗಿ ಹತ್ತು ನಲವತ್ತೆರಡಕ್ಕೆ ಅದು ತಾನೇ ಬಾರಿಸುತ್ತದೆ. ಪಟ್ಟಣದಿಂದ ಬಂದ ಅತಿಥಿ ನಲವತ್ತು ನಿಮಿಷ ಉಪದೇಶ ಕೊರೆದರು. ಲೂಥರ್ ಬಡವರನ್ನು ಎಂದೂ ಮರೆಯಲಿಲ್ಲ ಎಂದು ಅವರು ಹೇಳುತ್ತಿದ್ದಾಗಲೇ ಗಂಟೆ ಏಳು ಪೆಟ್ಟು ಬಾರಿಸಿ ಸುಮ್ಮನಾಯಿತು. ಪ್ರಾರ್ಥನೆಗೆ ಇನ್ನೂ ಕಾಲು ಗಂಟೆ ಬಾಕಿಯಿತ್ತು.

ಚರ್ಚಿನ ಹಿಂದಿನ ಓಣಿಯಲ್ಲಿ, ಮೂರು ವರ್ಷದಿಂದ ಹಾಸಿಗೆ ಬಿಡದ ಎಲ್‌ಫ್ರೀಡ ಇದ್ದಾರೆ. ವಯಸ್ಸು ತೊಂಬತ್ತೊಂದು, ಊರಿಗೆಲ್ಲ ಚಿಕ್ಕಮ್ಮ. ಆ ಮಧ್ಯಾಹ್ನ ರೋಸ್ವಿಟಾ ಸೂಪು ಒಯ್ದರೆ ಮುದುಕಿಯ ಮುಖ ಅರಳಿತ್ತು.

"ಇವತ್ತು ಎಲ್ಲರ ಜೊತೆ ಪ್ರಾರ್ಥನೆ ಎಷ್ಟು ಚೆನ್ನಾಗಿ ಆಯ್ತು ಕಣೇ!"

ರೋಸ್ವಿಟಾಗೆ ಸುಳ್ಳು ಹೇಳಲು ಬಾರದು. ನಡೆದದ್ದನ್ನು ಹೇಳಿದರು. ಮುದುಕಿ ಚಮಚ ಕೆಳಗಿಟ್ಟರು.

"ಹಂಗಾದ್ರೆ ನಾನು ಗೋಡೆ ಜೊತೆ ಹೇಳ್ಕೊಂಡ್ನಾ?"

ಮರುವಾರ ರೋಸ್ವಿಟಾ ಯಂತ್ರದ ವೈರು ಕಿತ್ತೆಸೆದು ಕೈಯಾರೆ ಗಂಟೆ ಬಾರಿಸಿದರು. ಮಂಡಳಿ ಕರೆಸಿತು. ಆ ಸಭೆ ನೆನೆದರೆ ಈಗಲೂ ಅವರ ಮೈ ಉರಿಯುತ್ತದೆ.

"ಒಬ್ಬ ಮುದುಕಿಗೋಸ್ಕರ ಇಷ್ಟು ರಂಪಾನಾ?" ಎಂದರಂತೆ ಶೆಲ್‌ಹಾರ್ನ್.

"ಮತ್ತ್ಯಾರಿಗೋಸ್ಕರ? ಒಳಗೆ ಕೂತೋರಿಗೆ ಪಾದ್ರಿ ದನಿ ಕೇಳುತ್ತೆ. ಅವರಿಗ್ಯಾಕ್ರೀ ಗಂಟೆ?"

"ಕಾಲ ಬದಲಾಗಿದೆ, ರೋಸ್ವಿಟಾ."

"ಆಗ್ಲಿ. ನಿಮ್ಮ ಅತಿಥಿಗೂ ಒಂದು ಯಂತ್ರ ಹಾಕಿಸಿ. ಹತ್ತು ನಲವತ್ತೆರಡಕ್ಕೆ ಬಾಯಿ ಮುಚ್ಚೋ ಅಂಥದ್ದು!"

ಇಂದಿನ ಆರಾಧನೆಗೆ ಮುಂಚೆ ತಪ್ಪೊಪ್ಪಿಗೆ ಬರೆದುಕೊಡಬೇಕು, ಇಲ್ಲವೇ ಬೀಗದ ಕೈ ಒಪ್ಪಿಸಬೇಕು ಎಂದು ಮಂಡಳಿ ತೀರ್ಮಾನಿಸಿದೆ. ದಿನವಿಡೀ ಲೂಥರ್ ಹೆಸರು ಜಪಿಸುವವರು ಗುಡಿಸುವವಳನ್ನು ಹೊರಗಟ್ಟಲು ಇಷ್ಟು ಸಣ್ಣ ನೆಪ ಸಾಕಾಯಿತು.

ರೋಸ್ವಿಟಾ ಒಂದಕ್ಷರವನ್ನೂ ಬರೆದಿಲ್ಲ. ಕೆಳಗಿಳಿದು, ಚರ್ಚು ಬೆಚ್ಚಗಾಗಲು ಒಲೆ ಹೊತ್ತಿಸಿ, ಇಂದಿನ ಹಾಡುಗಳ ಸಂಖ್ಯೆಯನ್ನು ಹಲಗೆಗೆ ಸಿಕ್ಕಿಸಿ, ಬೀಗದ ಕೈಗೊಂಚಲನ್ನು ಶೆಲ್‌ಹಾರ್ನ್ ಕೂರುವ ಬೆಂಚಿನ ಮೇಲೆ ಇಡುತ್ತಾರೆ. ಗೋಪುರದ ಬಾಗಿಲು ಮಾತ್ರ ತೆರೆದೇ ಇದೆ.

"ಇವತ್ತಿನ ಏಳು ಪೆಟ್ಟು ಬಾರಿಸಿಯೇ ಹೋಗ್ತೀನಿ, ಯಾರು ತಡೀತಾರೋ ನೋಡ್ತೀನಿ," ಎಂದು ಏಪ್ರನ್‌ಗೆ ಕೈ ಒರೆಸಿಕೊಳ್ಳುತ್ತಾರೆ. "ನಾಳೆ ನಾನೂ ಹಾಸಿಗೆ ಹಿಡಿಯೋಳೇ. ಆಗ ಗಂಟೆ ನನಗೆ ಸುಳ್ಳು ಹೇಳದಿದ್ರೆ ಸಾಕು."